‘ಕೋಹ್ಯಾಬಿಟ್’ ಎಂಬ ಇಂಗ್ಲಿಷ್ ಕ್ರಿಯಾಪದವೂ ಕನ್ನಡದ ‘ಕೂಡಿ ಬಾಳು’ವೂ: ಒಂದು ಅರ್ಥವಿಮರ್ಶೆ

ಇಂಗ್ಲಿಷಿನ ‘ಕೋಹ್ಯಾಬಿಟ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಸರಿದೊರೆಯಾದ ಮಾತು ಯಾವುದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ನಿಘಂಟುಕಾರರ ಮೇಜಿನ ಮೇಲೆಯೇ ತೀರಿಹೋಗತಕ್ಕ ಅಲ್ಪವಿಷಯವೆಂದು ತೋರಬಹುದು. ಅದು ಹಾಗಲ್ಲವೆಂಬುದೇ ನಮ್ಮ ಅಭಿಪ್ರಾಯ. ಈ ಪದದ ಅನುವಾದವು ಈಗ ವೃತ್ತಪತ್ರಿಕೆಯ ಅಂಕಣವನ್ನು ದಾಟಿ ನ್ಯಾಯಾಲಯದ ಅರ್ಜಿಯನ್ನು ಹೊಕ್ಕಿದೆ. ದೊಡ್ಡಬಳ್ಳಾಪುರದಲ್ಲಿಯೋ ನೆಲಮಂಗಲದಲ್ಲಿಯೋ ಒಬ್ಬ ಹೆಣ್ಣುಮಗಳು ಜೀವನಾಂಶವನ್ನು ಬೇಡಿ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ, ಆಕೆ ಒಬ್ಬನೊಡನೆ ಕಳೆದ ಎಂಟು ಹತ್ತು ವರ್ಷಗಳನ್ನು ಅರ್ಜಿ ಬರೆಯುವವನು ಯಾವ ಕ್ರಿಯಾಪದದಿಂದ ಹೇಳುತ್ತಾನೆ ಎಂಬುದರ ಮೇಲೆ ಆಕೆಯ ಮಾತಿನ ತೂಕವು ಏರುವುದೂ ಉಂಟು, ಇಳಿಯುವುದೂ ಉಂಟು. ಆದುದರಿಂದ ಶಬ್ದವಿಚಾರದಲ್ಲಿ ಆಸಕ್ತರಾದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಒಂದು ಧಾತುವಿಗೆ ಸ್ವಲ್ಪ ಹೊತ್ತನ್ನು ಮೀಸಲಿಟ್ಟರೆ ಅದು ವ್ಯರ್ಥವಾಗಲಾರದು.

ಮೊದಲು ಇಂಗ್ಲಿಷ್ ಪದದ ಪೂರ್ವೋತ್ತರವನ್ನು ನೋಡೋಣ. ಇದು ಲ್ಯಾಟಿನ್ನಿನ ಉತ್ತರಕಾಲೀನ ‘ಕೊಹ್ಯಾಬಿಟಾರೆ’ ಎಂಬುದರಿಂದ ಬಂದದ್ದು. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಇಳಿಯಿತು. ‘ಕೊ’ ಎಂದರೆ ಕೂಡ, ಒಡನೆ. ‘ಹ್ಯಾಬಿಟಾರೆ’ ಎಂದರೆ ವಾಸಮಾಡು. ಈ ಎರಡನೆಯದು ‘ಹ್ಯಾಬೇರೆ’, ಎಂದರೆ ‘ಹೊಂದು, ಹಿಡಿದಿರು’ ಎಂಬ ಧಾತುವಿನ ಪೌನಃಪುನ್ಯರೂಪ. ಹಿಡಿದದ್ದನ್ನು ಮತ್ತೆ ಮತ್ತೆ ಹಿಡಿಯುವುದರಿಂದ ಅದು ರೂಢಿಯಾಗುತ್ತದೆ, ರೂಢಿಯಾದ ಸ್ಥಳವು ಮನೆಯಾಗುತ್ತದೆ. ಇಂಗ್ಲಿಷಿನಲ್ಲಿ ಅಭ್ಯಾಸವನ್ನು ಹೇಳುವ ‘ಹ್ಯಾಬಿಟ್’ ಎಂಬ ಮಾತೂ ಇದೇ ಬೇರಿನದು. ಹೀಗೆ ಮೂಲದಲ್ಲಿ ಈ ಪದಕ್ಕೆ ಗಂಡುಹೆಣ್ಣಿನ ಸಂಬಂಧವೇ ಅರ್ಥವಾಗಿರಲಿಲ್ಲ. ಒಂದೆಡೆಯಲ್ಲಿ ಸೇರಿ ವಾಸಮಾಡುವುದಷ್ಟೆ ಅದರ ಅರ್ಥ. ಇದಕ್ಕೆ ಒಂದು ವಿನೋದಕರವಾದ ನಿದರ್ಶನವುಂಟು. ಉತ್ತರ ಅಮೆರಿಕದ ವರ್ಜೀನಿಯಾ ವಸಾಹತಿನಲ್ಲಿ 1680ರಲ್ಲಿ ‘ಕೋಹ್ಯಾಬಿಟೇಷನ್’ ಅನ್ನು ಪ್ರೋತ್ಸಾಹಿಸುವುದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿದರು. ಈಗಿನ ಓದುಗನು ಬೆಚ್ಚಿಬೀಳಬೇಕಾದ ಕಾರಣವಿಲ್ಲ: ಚದುರಿ ಹೊಲಗಳ ನಡುವೆ ಇದ್ದ ವಲಸೆಗಾರರು ಪಟ್ಟಣಗಳಲ್ಲಿ ಒಟ್ಟಾಗಿ ನೆಲಸಿ ವ್ಯಾಪಾರ ಮಾಡಲಿ ಎಂಬುದಷ್ಟೆ ಅದರ ಉದ್ದೇಶವಾಗಿತ್ತು. ನಮ್ಮಲ್ಲಿ ಪಾಳೆಯಗಾರರು ಪೇಟೆ ಕಟ್ಟಿಸಿ ಒಕ್ಕಲು ತುಂಬಿಸಿದಂತೆ ಎನ್ನಬಹುದು.

ಮುಂದೆ ಈ ಪದದ ಅರ್ಥವು ಸಂಕೋಚಗೊಂಡು, ಗಂಡುಹೆಣ್ಣು ದಂಪತಿಗಳಂತೆ ಇರುವುದು ಎಂಬಲ್ಲಿಗೆ ಬಂದು ನಿಂತಿತು. ಅಲ್ಲಿಂದ ಇನ್ನೂ ಒಂದು ಹೆಜ್ಜೆ ಜಾರಿ, ದೇಹಸಂಪರ್ಕಕ್ಕೆ ಸಭ್ಯವಾದ ಪರ್ಯಾಯವೆಂಬಂತೆಯೂ ಕೆಲವೆಡೆ ಬಳಕೆಯಾಯಿತು. ಆದರೆ ಕಾನೂನಿನ ಇಂಗ್ಲಿಷು ಈ ಜಾರುವಿಕೆಯನ್ನು ಪೂರ್ಣವಾಗಿ ಒಪ್ಪಿಕೊಂಡಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. 1860ರ ಭಾರತೀಯ ದಂಡಸಂಹಿತೆಯ 493ನೆಯ ಕಲಮು, ತಾನು ವಿಧಿಪೂರ್ವಕ ಪತ್ನಿಯೆಂದು ಹೆಣ್ಣನ್ನು ನಂಬಿಸಿ ವಂಚಿಸುವ ಗಂಡಸಿನ ಅಪರಾಧವನ್ನು ಹೇಳುವಾಗ, ಆಕೆಯು ಆ ನಂಬಿಕೆಯಿಂದ ಅವನೊಡನೆ ‘ಕೋಹ್ಯಾಬಿಟ್’ ಮಾಡುವುದನ್ನೂ ದೇಹಸಂಪರ್ಕವನ್ನೂ ‘ಅಥವಾ’ ಎಂಬ ಪದದಿಂದ ಬೇರೆಬೇರೆಯಾಗಿ ಹೆಸರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 81ನೆಯ ಕಲಮಿನಲ್ಲಿಯೂ ಅದೇ ವಿಭಾಗವು ಉಳಿದಿದೆ. ಎರಡೂ ಒಂದೇ ಆಗಿದ್ದರೆ ‘ಅಥವಾ’ ಎಂಬುದಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಒಂದು ಘಟನೆ, ಇನ್ನೊಂದು ಕಾಲಾವಧಿ. ಒಂದು ನಡೆದುಹೋಗುವುದು, ಇನ್ನೊಂದು ನಡೆದುಕೊಂಡು ಬರುವುದು. ಕನ್ನಡದ ಅನುವಾದವು ಈ ವ್ಯತ್ಯಾಸವನ್ನು ಕಾಯ್ದುಕೊಳ್ಳಬಲ್ಲುದೇ ಎಂಬುದು ನಮ್ಮ ಮೊದಲನೆಯ ಪರೀಕ್ಷೆ.

ಪ್ರಚಲಿತ ಗ್ರಾಂಥಿಕ ಕನ್ನಡದಲ್ಲಿ ಈ ಸ್ಥಾನಕ್ಕೆ ಸ್ಪರ್ಧಿಸುವ ಮಾತುಗಳು ಮುಖ್ಯವಾಗಿ ಮೂರು: ಸಹವಾಸ, ಸಹಜೀವನ, ಸಹಬಾಳ್ವೆ. ಮೂರರ ತಲೆಯ ಮೇಲೂ ‘ಸಹ’ ಎಂಬ ಒಂದೇ ಪೇಟ ಇದೆ. ಮುಖಗಳು ಮಾತ್ರ ಬೇರೆ.

‘ಸಹವಾಸ’ವು ಲ್ಯಾಟಿನ್ ಪದಕ್ಕೆ ಅಕ್ಷರಶಃ ಸಮನಾದುದು. ಹಿಂದಿಯ ಕಾನೂನುಭಾಷೆಯಲ್ಲಿ ಅದೇ ನೆಲಸಿದೆ. ಆದರೆ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಈ ಪದವು ಇಲ್ಲಿ ತನ್ನದೇ ಆದ ದಾರಿ ಹಿಡಿಯಿತು. ನಮ್ಮ ಊರುಗಳಲ್ಲಿ ‘ಅವನ ಸಹವಾಸ ಬೇಡ’ ಎಂದು ತಾಯಿ ಮಗನಿಗೆ ಹೇಳುತ್ತಾಳೆ. ‘ಈ ಸಹವಾಸವೇ ಸಾಕು’ ಎಂದು ವ್ಯವಹಾರದಲ್ಲಿ ಕೈಸುಟ್ಟುಕೊಂಡವನು ಗೊಣಗುತ್ತಾನೆ. ‘ಸಹವಾಸದೋಷ’ ಎಂಬ ಸಮಾಸವು ಸಿದ್ಧವಾಗಿಯೇ ಇದೆ, ‘ಸಹವಾಸಗುಣ’ ಎಂಬುದು ಅಷ್ಟಾಗಿ ಕೇಳಿಬರುವುದಿಲ್ಲ. ವಾಸವೆಂಬ ಅಂಶವು ಅಳಿದು ಸಂಗವೆಂಬ ಅಂಶವು ಉಳಿಯಿತು. ಆ ಸಂಗದಲ್ಲಿಯೂ ಕೆಟ್ಟ ಸಂಗದ ಛಾಯೆಯೇ ದಟ್ಟವಾಯಿತು. ಭಾಷಾಶಾಸ್ತ್ರಜ್ಞರು ಅರ್ಥಾಪಕರ್ಷವೆಂದು ಕರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ತರಗತಿಯಲ್ಲಿ ಕೊಡಲಾಗದು. ಇಂಥ ಪದವನ್ನು ಅರ್ಜಿಯಲ್ಲಿ ಬರೆದರೆ, ಹೇಳಬೇಕಾದದ್ದನ್ನು ಹೇಳುವುದಕ್ಕೆ ಮೊದಲೇ ಅದು ದೂರನ್ನು ಹೇಳಿಬಿಡುತ್ತದೆ.

‘ಸಹಬಾಳ್ವೆ’ಯ ಕಥೆ ಬೇರೆ. 1954ರ ಏಪ್ರಿಲ್ 29ರಂದು ಭಾರತ ಚೀನಗಳ ನಡುವೆ ಆದ ಒಪ್ಪಂದದ ಪೀಠಿಕೆಯಲ್ಲಿದ್ದ ಐದು ತತ್ತ್ವಗಳು ಪಂಚಶೀಲವೆಂದು ಪ್ರಸಿದ್ಧವಾದುವಷ್ಟೆ. ಅವುಗಳಲ್ಲಿ ಕೊನೆಯದು ಶಾಂತಿಯುತ ಸಹಬಾಳ್ವೆ. ರಾಷ್ಟ್ರ ರಾಷ್ಟ್ರಗಳು, ಮತ ಮತಗಳು, ಭಾಷೆ ಭಾಷೆಗಳು ಜಗಳವಿಲ್ಲದೆ ಇರುವುದನ್ನು ಹೇಳಲು ಈ ಪದವು ಅತ್ಯಂತ ಯೋಗ್ಯವಾಗಿ ನಿಂತಿದೆ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದು ಅರಿಸಮಾಸ: ಸಂಸ್ಕೃತದ ‘ಸಹ’ಕ್ಕೆ ಅಚ್ಚಗನ್ನಡದ ‘ಬಾಳ್ವೆ’ ಸೇರಿದೆ. 9ನೆಯ ಶತಮಾನದ ಕವಿರಾಜಮಾರ್ಗವು ಇಂಥ ಬೆರಕೆಯನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಹಳಿದಿತ್ತು. 13ನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಬಿರುದಾವಳಿಗಳಿಗೂ ಪೂರ್ವಕವಿಪ್ರಯೋಗಗಳಿಗೂ ಮಾತ್ರ ವಿನಾಯಿತಿ ಕೊಟ್ಟು ಉಳಿದೆಡೆ ನಿಷೇಧಿಸಿದನು. ಕೂಡಿ ಇರುವುದನ್ನು ಹೇಳುವ ಪದದಲ್ಲಿಯೇ ಕೂಡಬಾರದವು ಕೂಡಿವೆ ಎಂಬುದು ಕೇಶಿರಾಜನಿಗೆ ನಗೆಯನ್ನು ತರಿಸುತ್ತಿತ್ತೋ ಕೋಪವನ್ನು ತರಿಸುತ್ತಿತ್ತೋ! ನಮ್ಮ ಮಟ್ಟಿಗೆ ಇದು ದೋಷವಲ್ಲ. ಹಾಲು ಒಡೆಯಲಿಲ್ಲ, ಹೆಪ್ಪಾಯಿತು ಎನ್ನಬೇಕು. ಆದರೆ ಈ ಪದವು ಸಮುದಾಯಗಳ ಮಟ್ಟದಲ್ಲಿ ನಿಂತಿರುವುದರಿಂದ ಒಂದು ಗಂಡು ಒಂದು ಹೆಣ್ಣಿನ ಮನೆಯೊಳಕ್ಕೆ ಅದನ್ನು ಕರೆತಂದಾಗ, ಅವರಿಬ್ಬರೂ ಗಡಿರೇಖೆ ಹಾಕಿಕೊಂಡು ಶಾಂತಿ ಒಪ್ಪಂದದಲ್ಲಿ ಇದ್ದಾರೆ ಎಂಬ ಭಾವನೆ ಬರುತ್ತದೆ. ಅನೇಕ ಮನೆಗಳಲ್ಲಿ ಅದೇ ನಿಜವಿರಬಹುದು. ನಿಘಂಟು ಅದನ್ನು ಹೇಳಬೇಕಾಗಿಲ್ಲ.

ಇನ್ನು ‘ಸಹಜೀವನ’. ಪತ್ರಿಕೆಗಳಲ್ಲಿ ಮದುವೆಯಿಲ್ಲದೆ ಕೂಡಿರುವವರ ವಿಷಯ ಬಂದಾಗ ಈಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದೇ. ಆದರೆ ಈ ಪದವನ್ನು ಜೀವವಿಜ್ಞಾನದ ಪಠ್ಯಪುಸ್ತಕಗಳು ಮೊದಲೇ ಕೊಂಡುಕೊಂಡಿವೆ. ಪಾಚಿಯೂ ಶಿಲೀಂಧ್ರವೂ ಒಂದರ ಆಶ್ರಯದಲ್ಲಿ ಒಂದು ಬೆಳೆದು ಕಲ್ಲುಹೂವಾಗುವುದನ್ನು ಪ್ರೌಢಶಾಲೆಯ ಮಕ್ಕಳು ಸಹಜೀವನವೆಂದು ಓದುತ್ತಾರೆ. ಒಬ್ಬ ಹೆಣ್ಣುಮಗಳ ಬದುಕನ್ನು ಕಲ್ಲುಹೂವಿನ ಪರಿಭಾಷೆಯಲ್ಲಿ ವರ್ಣಿಸುವುದು ಕವಿತೆಯಲ್ಲಿ ಶೋಭಿಸೀತು, ಕಾನೂನಿನಲ್ಲಿ ಅಲ್ಲ. ಅದಲ್ಲದೆ ‘ಜೀವನ’ವೆಂಬುದು ಪ್ರಾಣಧಾರಣೆಯನ್ನು ಹೇಳುತ್ತದೆಯೇ ಹೊರತು ಮನೆಯನ್ನು ಹೇಳುವುದಿಲ್ಲ, ಒಲೆ, ಬಾಗಿಲು, ಬಾಡಿಗೆ, ನೆರೆಹೊರೆ ಯಾವುದೂ ಅದರಲ್ಲಿ ಇಲ್ಲ. ಪದಗಳು ದೇಶಕ್ಕೊಂದು ದಾರಿ ಹಿಡಿಯುವುದು ಹೊಸತೇನಲ್ಲ. ಫ್ರಾನ್ಸಿನಲ್ಲಿ 1986ರಲ್ಲಿ ಒಂದು ಪಕ್ಷದ ಅಧ್ಯಕ್ಷರಾದ ಮಿತ್ತೆರಾಂ ಅವರೂ ಎದುರು ಪಕ್ಷದ ಪ್ರಧಾನಿಯಾದ ಶಿರಾಕ್ ಅವರೂ ಏಕಕಾಲದಲ್ಲಿ ಅಧಿಕಾರದಲ್ಲಿದ್ದುದನ್ನು ಅಲ್ಲಿಯವರು ‘ಕೋಹ್ಯಾಬಿಟೇಷನ್’ ಎಂದೇ ಕರೆದರು. ಕರ್ನಾಟಕದಲ್ಲಿ 2018ರ ಸಮ್ಮಿಶ್ರ ಸರ್ಕಾರಕ್ಕೆ ನಮ್ಮ ಪತ್ರಿಕೆಗಳು ಕೊಟ್ಟ ಹೆಸರು ‘ದೋಸ್ತಿ’.

ಗ್ರಾಂಥಿಕ ಪದಗಳನ್ನು ಇಲ್ಲಿಗೆ ಬಿಟ್ಟು ಆಡುಮಾತಿಗೆ ಬರೋಣ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ, ಹಾಗೆ ನೋಡಿದರೆ ಹಳೆಯ ಮೈಸೂರು ಸೀಮೆಯ ಬಹುಭಾಗದಲ್ಲಿ, ದಾಂಪತ್ಯವನ್ನು ಹೇಳುವ ಮುಖ್ಯ ಧಾತು ‘ಬಾಳು’. ಇದಕ್ಕೆ ‘ಸಹ’ವೂ ಬೇಡ, ‘ಒಡನೆ’ಯೂ ಬೇಡ. ‘ಮಗಳು ಅಲ್ಲಿ ಬಾಳಲಿಲ್ಲ’ ಎಂದು ಒಬ್ಬ ತಂದೆ ಹೇಳಿದರೆ, ಮಗಳು ಸತ್ತಳೆಂದು ಯಾರೂ ತಿಳಿಯುವುದಿಲ್ಲ. ಗಂಡನ ಮನೆಯಲ್ಲಿ ಸಂಸಾರ ನಿಲ್ಲಲಿಲ್ಲವೆಂದು ತಿಳಿಯುತ್ತಾರೆ. ಬರಿಯ ‘ಇರು’ ಎಂಬುದು ಎಲ್ಲಕ್ಕೂ ಸಲ್ಲುತ್ತದೆ. ‘ಬಾಳು’ ಎಂಬುದರಲ್ಲಿ ಕಾಲವಿದೆ, ಏಳುಬೀಳುಗಳಿವೆ, ನಾಲ್ಕು ಜನರ ಕಣ್ಣಿನ ಮುಂದೆ ಇದ್ದೇವೆಂಬ ಅರಿವಿದೆ. ಹಳಗನ್ನಡದಲ್ಲಿ ಇದು ರಳವುಳ್ಳ ‘ಬಾೞ್’; ಕತ್ತಿಯೆಂಬ ಅರ್ಥದ ‘ಬಾಳ್’ ಕುಳವುಳ್ಳದ್ದು. ರಳವು ಬಳಕೆಯಿಂದ ಬಿದ್ದುಹೋದ ಮೇಲೆ ಬದುಕಿನ ಬಾಳೂ ಅಲಗಿನ ಬಾಳೂ ಉಚ್ಚಾರಣೆಯಲ್ಲಿ ಒಂದಾದುವು. ತಮಿಳು ಇಂದಿಗೂ ಎರಡನ್ನೂ ಬೇರೆಯಾಗಿಯೇ ಉಳಿಸಿಕೊಂಡಿದೆ. ಹೊಸಕೋಟೆ ದೇವನಹಳ್ಳಿಗಳ ಪೂರ್ವದ ಊರುಗಳಲ್ಲಿ ಕನ್ನಡದ ಪಕ್ಕದಲ್ಲಿಯೇ ತೆಲುಗೂ ನಡೆಯುತ್ತದೆ. ಅಲ್ಲಿ ಇದೇ ಭಾವಕ್ಕೆ ‘ಕಾಪುರಂ’ ಎನ್ನುತ್ತಾರೆ. ಅದರ ಮೂಲಾರ್ಥವೂ ನೆಲೆ, ವಸತಿ. ಅಂತೂ ದ್ರಾವಿಡ ಭಾಷೆಗಳಿಗೆ ದಾಂಪತ್ಯವೆಂದರೆ ಮೊದಲು ಮನೆ ಹೂಡುವುದು, ಉಳಿದದ್ದು ಆಮೇಲೆ.

ಆದರೆ ‘ಬಾಳು’ವಿನಲ್ಲಿ ಒಂದು ಒಡಕು ಇದೆ, ಅದನ್ನು ಮುಚ್ಚಿಡುವುದು ವಿಮರ್ಶೆಯಾಗಲಾರದು. ಹೆಣ್ಣು ಬಾಳುತ್ತಾಳೆ, ಗಂಡು ಬಾಳಿಸುತ್ತಾನೆ. ‘ಅವಳನ್ನು ಬಾಳಿಸಲಿಲ್ಲ, ತೌರಿಗೆ ಅಟ್ಟಿದ’ ಎಂಬಲ್ಲಿ ಪ್ರೇರಣಾರ್ಥಕ ಪ್ರತ್ಯಯವಾದ ‘ಇಸು’ ಎಷ್ಟು ದೊಡ್ಡ ಅಧಿಕಾರವನ್ನು ಗಂಡಸಿನ ಕೈಗೆ ಕೊಟ್ಟಿದೆ ನೋಡಿ! ‘ಅವಳು ಅವನನ್ನು ಬಾಳಿಸಿದಳು’ ಎಂಬ ಪ್ರಯೋಗವು, ಕುಡುಕನಾದ ಗಂಡನನ್ನು ಸಾಕಿ ಸಲಹಿದ ಹೆಂಡತಿಯ ವಿಷಯದಲ್ಲಿಯೂ, ನಮ್ಮ ಕಿವಿಗೆ ಹಿತವಾಗುವುದಿಲ್ಲ. ಇದಕ್ಕಿಂತ ಕಠಿನವಾದುದು ‘ಕಟ್ಟಿಕೊಂಡವಳು’ ಮತ್ತು ‘ಇಟ್ಟುಕೊಂಡವಳು’ ಎಂಬ ಜೋಡಿ. ಎರಡೂ ಸಕರ್ಮಕ, ಎರಡರಲ್ಲಿಯೂ ಗಂಡಸು ಕರ್ತೃ, ಹೆಣ್ಣು ಕರ್ಮ. ತಾಳಿಯ ಗಂಟೊಂದು ಇದ್ದರೆ ‘ಕಟ್ಟು’, ಇಲ್ಲದಿದ್ದರೆ ‘ಇಡು’. ಪಾತ್ರೆಯನ್ನು ಇಡುತ್ತೇವೆ, ಹಣವನ್ನು ಇಡುತ್ತೇವೆ. ‘ಇಟ್ಟುಕೊಂಡವಳು’ ಎಂಬ ಪದವನ್ನು ಒಮ್ಮೆ ಬರೆದ ಮೇಲೆ ಆಕೆ ದುಡಿದದ್ದು, ಆಕೆ ಬಾಡಿಗೆ ಕೊಟ್ಟದ್ದು, ಆಕೆ ಅವನ ತಾಯಿಗೆ ಕೊನೆಗಾಲದಲ್ಲಿ ಗಂಜಿ ಕುಡಿಸಿದ್ದು, ಇವೆಲ್ಲ ವಾಕ್ಯದಲ್ಲಿ ನಿಲ್ಲುವುದಕ್ಕೆ ಜಾಗವೇ ಸಿಕ್ಕುವುದಿಲ್ಲ. ತೀರ್ಪುಗಾರನು ಪೀಠದ ಮೇಲೆ ಕೂರುವುದಕ್ಕೆ ಮೊದಲೇ ವ್ಯಾಕರಣವು ತೀರ್ಪನ್ನು ಹೇಳಿರುತ್ತದೆ.

ಇಂಗ್ಲಿಷಿನ ‘ಕೋಹ್ಯಾಬಿಟ್’ಗೆ ಇರುವ ಒಂದು ದೊಡ್ಡ ಗುಣವು ಇಲ್ಲಿಯೇ ಸ್ಪಷ್ಟವಾಗುತ್ತದೆ. ಅದು ಅಕರ್ಮಕ ಕ್ರಿಯಾಪದ. ಯಾರೂ ಯಾರನ್ನೂ ಕೋಹ್ಯಾಬಿಟ್ ಮಾಡಲಾಗುವುದಿಲ್ಲ. ಒಬ್ಬರೊಡನೆ ಒಬ್ಬರು ಮಾಡಬೇಕು. ಸಮತೆಯು ಅದರ ವಾಕ್ಯರಚನೆಯಲ್ಲಿಯೇ ಹುದುಗಿದೆ. ಅನುವಾದದಲ್ಲಿ ಉಳಿಸಿಕೊಳ್ಳಬೇಕಾದ ಎರಡನೆಯ ಅಂಶ ಇದು.

‘ಒಕ್ಕಲು’ ಎಂಬ ಪದದ ಬಳಗವನ್ನು ಇಲ್ಲಿ ನೆನೆಯದೆ ಇರಲಾಗದು. ಒಕ್ಕಲೆಂದರೆ ವಾಸ, ವಾಸಿಸುವ ಮನೆತನ, ಗೇಣಿದಾರ, ಬೇಸಾಯಗಾರ. ಧಾನ್ಯವನ್ನು ಒಕ್ಕುವುದರಿಂದ ಬಂತೆನ್ನುವವರೂ ಉಂಟು. ಹೊಸಮನೆಯನ್ನು ಹೊಗುವುದು ಮನೆಯೊಕ್ಕಲು, ಹೊರದೂಡುವುದು ಒಕ್ಕಲೆಬ್ಬಿಸುವುದು, ಶಾಸನಗಳ ‘ಅಯ್ವತ್ತೊಕ್ಕಲು’ ಎಂಬಲ್ಲಿ ಲೆಕ್ಕವಾಗುವುದು ತಲೆಗಳಲ್ಲ, ಮನೆತನಗಳು, ಕೊಡಗಿನ ‘ಒಕ್ಕ’ವೂ ಉತ್ತರದ ‘ಒಗತನ’ವೂ ಇದೇ ಬಳಗದವೆಂದು ತೋರುತ್ತದೆ. ದೇವನಹಳ್ಳಿಯ ಬಳಿಯ ಆವತಿಯ ಐತಿಹ್ಯವು ಇಲ್ಲಿ ಸ್ವಾರಸ್ಯಕರವಾಗಿದೆ. ಕಂಚಿಯ ಕಡೆಯಿಂದ ಬಂಡಿಗಳಲ್ಲಿ ಬಂದ ಸೋದರರು, ತಮ್ಮ ಮನೆಯ ಹೆಣ್ಣನ್ನು ಬಲವಂತನೊಬ್ಬನಿಗೆ ಕೊಡಲಾರದೆ ಊರು ಬಿಟ್ಟವರು, ಬೆಟ್ಟದ ತಪ್ಪಲಲ್ಲಿ ಒಕ್ಕಲು ಹೂಡಿದರೆಂದೂ, ದೇವನಹಳ್ಳಿ ದೊಡ್ಡಬಳ್ಳಾಪುರಗಳು ಅವರ ವಂಶದಿಂದ ಬೆಳೆದುವೆಂದೂ ಹೇಳುತ್ತಾರೆ. ಮೊರಸು ಒಕ್ಕಲು ಎಂಬ ಸಮುದಾಯನಾಮದಲ್ಲಿಯೇ ಈ ಪದ ನಿಂತಿದೆ. ಒಂದು ಮದುವೆಯನ್ನು ತಪ್ಪಿಸಲು ಹೊರಟ ಬಂಡಿಗಳಿಂದ ನಾಡೊಂದು ಒಕ್ಕಲಾಯಿತು ಎಂಬ ಈ ಕಥೆ ಇತಿಹಾಸವೋ ಅಲ್ಲವೋ, ಅದನ್ನು ಹೇಳಿದವರು ಒಕ್ಕಲೆಂಬ ಮಾತನ್ನು ಹೇಗೆ ಅರಿತಿದ್ದರೆಂಬುದಕ್ಕೆ ಸಾಕ್ಷಿಯಂತೂ ಹೌದು.

ದೇವರ ವಿಷಯದಲ್ಲಿ ಕನ್ನಡವು ‘ಬಾಳು’ವನ್ನೂ ಬಳಸುವುದಿಲ್ಲ, ‘ಒಕ್ಕಲು’ವನ್ನೂ ಬಳಸುವುದಿಲ್ಲ, ಅಲ್ಲಿ ‘ನೆಲಸು’. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖಮಾಡಿದ ಸುಬ್ರಹ್ಮಣ್ಯನೂ ಪಶ್ಚಿಮಕ್ಕೆ ಮುಖಮಾಡಿದ ನರಸಿಂಹನೂ ಇದ್ದಾರೆ. ಹಿಂಬದಿಯ ದೇವರು ಕಾಣಲೆಂದು ಕನ್ನಡಿಯನ್ನು ಇರಿಸಿದ್ದಾರೆ. ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಕಲ್ಲಿನಲ್ಲಿ ಇರುವ ಈ ಇಬ್ಬರೂ ನೆಲಸಿದ್ದಾರೆಯೇ ಹೊರತು ಬಾಳುತ್ತಿಲ್ಲ. ಸಾಯುವವರಿಗೆ ಮಾತ್ರವೇ ಕನ್ನಡವು ‘ಬಾಳು’ ಎಂಬ ಧಾತುವನ್ನು ಮೀಸಲಿಟ್ಟಿದೆಯೆಂದು ತೋರುತ್ತದೆ.

ಈಗ ನಮ್ಮ ವಿಚಾರದ ನಡುಮನೆಗೆ ಬಂದೆವು. ‘ಕೂಡಿಕೆ’ ಎಂಬ ಪದವನ್ನು ಈಗಿನ ವಿದ್ಯಾರ್ಥಿಗಳು ಕೇಳಿರುವುದು ಅಪರೂಪ. ‘ಕೂಡು’ ಧಾತುವಿಗೆ ಭಾವನಾಮದ ಪ್ರತ್ಯಯ ಸೇರಿ ಆದ ಈ ಪದವು, ಹಳೆಯ ಮೈಸೂರಿನ ಹಲವು ಜಾತಿಗಳಲ್ಲಿ ವಿಧವೆಯರೂ ಗಂಡನಿಂದ ಬಿಡುಗಡೆ ಪಡೆದವರೂ ಮತ್ತೊಬ್ಬನೊಡನೆ ಸಂಸಾರ ಹೂಡುತ್ತಿದ್ದ ಕ್ರಮಕ್ಕೆ ಹೆಸರಾಗಿತ್ತು. ಗಂಡಸು ಹೊಸ ಸೀರೆಯನ್ನು ಕೊಡುವುದೇ ಅದರಲ್ಲಿ ಮುಖ್ಯವಾದ್ದರಿಂದ ‘ಸೀರುಡಿಕೆ’ ಎಂಬ ಹೆಸರೂ ಇತ್ತು. ಎಚ್. ವಿ. ನಂಜುಂಡಯ್ಯನವರೂ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರೂ ಸಿದ್ಧಪಡಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ಇಂಗ್ಲಿಷ್ ಸಂಪುಟಗಳಲ್ಲಿ ಈ ಪದ್ಧತಿಯ ವಿವರಗಳಿವೆ. ಹಸೆಯ ಮೇಲಿನ ವಿಧಿಗಳಿಲ್ಲ, ಮುತ್ತೈದೆಯರು ಮುಂದೆ ನಿಲ್ಲುವುದಿಲ್ಲ, ಸದ್ದುಗದ್ದಲವಿಲ್ಲ. ಆದರೆ ಕುಲದ ಹಿರಿಯರು ಇರಬೇಕು, ಅವರ ಒಪ್ಪಿಗೆ ಬೇಕು. ಹುಟ್ಟಿದ ಮಕ್ಕಳು ಅನ್ಯಾಯದ ಮಕ್ಕಳಲ್ಲ. ಆದರೂ ಅವರ ಸಂತತಿಯನ್ನು ‘ಕೂಡಿಕೆ ಸಾಲು’ ಎಂದು ಬೇರೆ ಪಂಕ್ತಿಯಲ್ಲಿ ಎಣಿಸಿ, ಹೆಣ್ಣು ಕೊಟ್ಟು ತರುವಲ್ಲಿ ಭೇದವನ್ನು ಮಾಡುವ ರೂಢಿ ಕೆಲವೆಡೆ ಇತ್ತು. ಪೂರ್ಣಗೌರವವೂ ಅಲ್ಲದ ಪೂರ್ಣನಿಂದೆಯೂ ಅಲ್ಲದ ಈ ಮಧ್ಯಸ್ಥಾನಕ್ಕೆ ಜನರೇ ಹೆಸರಿಟ್ಟು, ಜನರೇ ಕಟ್ಟಳೆ ಮಾಡಿ, ಜನರೇ ಅದರ ಏರುಪೇರುಗಳನ್ನು ಅನುಭವಿಸಿದರು. ಲ್ಯಾಟಿನ್ ಪದದ ‘ಕೊ’ ಎಂಬುದಕ್ಕೆ ಕನ್ನಡದಲ್ಲಿ ಸಮನಾದ ಬೇರು ‘ಕೂಡು’ವೇ ಆಗಿರುವಾಗ, ‘ಮದುವೆಯಿಲ್ಲದೆ ಕೂಡಿರುವುದು ನಮಗೆ ಹೊರಗಿನಿಂದ ಬಂದ ಸಂಗತಿ, ಅದಕ್ಕೆ ನಮ್ಮಲ್ಲಿ ಪದವಿಲ್ಲ’ ಎಂದು ಹೇಳುವವರು ಈ ಮಾತನ್ನು ಕೇಳಿಲ್ಲವೆಂದೇ ತಿಳಿಯಬೇಕು. ಪದ್ಧತಿ ಬೇರೆ ಎನ್ನಬಹುದು, ನಿಜ: ಕೂಡಿಕೆಯಲ್ಲಿ ಕುಲದ ಒಪ್ಪಿಗೆ ಇತ್ತು, ಇಂದಿನದರಲ್ಲಿ ಇಬ್ಬರ ಒಪ್ಪಿಗೆ ಮಾತ್ರ ಇದೆ. ಅದು ದೊಡ್ಡ ವ್ಯತ್ಯಾಸವೇ. ಆದರೆ ಧಾತುವಿನ ಕೊರತೆಯಂತೂ ಇಲ್ಲ.

ಸಾಹಿತ್ಯವು ಈ ಸೂಕ್ಷ್ಮಗಳನ್ನು ನಿಘಂಟಿಗಿಂತ ಚೆನ್ನಾಗಿ ಬಲ್ಲುದು. ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಎಂಬ ಸಣ್ಣಕಥ‌ೆಯಲ್ಲಿ ಬೆಂಗಳೂರಿಗೆ ಮೊಸರು ಮಾರಲು ಬರುವ ಮಂಗಮ್ಮನು, ಮೊಮ್ಮಗನನ್ನು ಸೊಸೆ ಹೊಡೆದಳೆಂಬ ಜಗಳದಿಂದ ಮಗಸೊಸೆಯರಿಂದ ಬೇರೆಯಾಗುತ್ತಾಳೆ. ಬೇರೆಯಾದ ಹೆಂಗಸಿನ ಹಿಂದೆ ಹಣವನ್ನು ಕೇಳಿಕೊಂಡು ರಂಗಪ್ಪನೆಂಬವನು ಸುಳಿಯುತ್ತಾನೆ. ಕೊನೆಗೆ ಮೊಮ್ಮಗನು ಅಜ್ಜಿಯನ್ನು ಹುಡುಕಿಕೊಂಡು ಬಂದು ಎರಡು ಒಲೆಗಳನ್ನು ಒಂದು ಮಾಡುತ್ತಾನೆ. ಈ ಕಥೆಯನ್ನು ಅತ್ತೆಸೊಸೆಯರ ಕಥೆಯೆಂದು ತರಗತಿಗಳಲ್ಲಿ ಹೇಳುವುದು ವಾಡಿಕೆ. ನಮಗೆ ಅದು ‘ಬೇರೆಯಾಗು’, ‘ಒಂದಾಗು’ ಎಂಬ ಎರಡು ಕ್ರಿಯಾಪದಗಳ ಕಥೆಯಾಗಿಯೂ ಕಾಣುತ್ತದೆ. ಕೂಡಿ ಬಾಳುವುದು ಗಂಡಹೆಂಡಿರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲವೆಂಬುದನ್ನೂ, ಒಬ್ಬಳೇ ಇರುವ ಹೆಂಗಸಿಗೆ ಕೂಡಲೆಂದು ಬರುವವರ ಉದ್ದೇಶವು ಎಷ್ಟು ಬಗೆಯದೆಂಬುದನ್ನೂ ಮಾಸ್ತಿಯವರು ಒಂದು ಗದರಿಕೆಯ ಮಾತಿಲ್ಲದೆ ತೋರಿಸಿದ್ದಾರೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಪ್ರಶ್ನೆ ಇನ್ನೂ ಮೊನಚಾಗಿದೆ. ನಾರಣಪ್ಪನೊಡನೆ ವರ್ಷಗಳ ಕಾಲ ಬಾಳಿದ ಚಂದ್ರಿಗೆ, ಅವನು ಸತ್ತಾಗ, ಆ ಅಗ್ರಹಾರದಲ್ಲಿ ಯಾವ ಸಂಬಂಧವಾಚಕವೂ ಇಲ್ಲ. ಆದರೂ ಹೆಣದ ಸಂಸ್ಕಾರಕ್ಕೆಂದು ಒಡವೆಗಳನ್ನು ಬಿಚ್ಚಿಡುವವಳು ಅವಳೇ. ಪದವಿಲ್ಲದವಳೇ ಕರ್ತವ್ಯವನ್ನು ಮಾಡುತ್ತಾಳೆ.

ನ್ಯಾಯಾಲಯಗಳಿಗೆ ಬರೋಣ. 1872ರ ಸಾಕ್ಷ್ಯ ಕಾಯಿದೆಯ ಕಾಲದಿಂದಲೂ, ಗಂಡುಹೆಣ್ಣು ಬಹುಕಾಲ ದಂಪತಿಗಳಂತೆ ಇದ್ದರೆ ಮದುವೆಯಾಗಿದೆಯೆಂದು ಭಾವಿಸಬಹುದೆಂಬ ಪೂರ್ವಭಾವನೆಯನ್ನು ನಮ್ಮ ನ್ಯಾಯಸ್ಥಾನಗಳು ಒಪ್ಪಿಕೊಂಡು ಬಂದಿವೆ. 1978ರ ಒಂದು ಪ್ರಕರಣದಲ್ಲಿ, ಸುಮಾರು 50 ವರ್ಷ ಕೂಡಿ ಬಾಳಿದ ದಂಪತಿಗಳ ಮದುವೆಯನ್ನು ಪುರೋಹಿತರ ಸಾಕ್ಷ್ಯವಿಲ್ಲವೆಂದು ಅಲ್ಲಗಳೆಯುವುದನ್ನು ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಮುಂದೆ 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ‘ವಿವಾಹದ ಸ್ವರೂಪದ ಸಂಬಂಧ’ ಎಂಬ ಹೊಸ ಮಾತನ್ನು ತಂದಿತು. ಆ ಕಾಯಿದೆಯ ವ್ಯಾಖ್ಯೆಯಲ್ಲಿ ರಕ್ತಸಂಬಂಧಿಗಳು, ವಿವಾಹಿತರು, ವಿವಾಹದಂತೆ ಇದ್ದವರು, ದತ್ತುಬಂದವರು, ಅವಿಭಕ್ತ ಕುಟುಂಬದವರು ಎಲ್ಲರಿಗೂ ಒಂದೇ ಕ್ರಿಯಾಪದವಿದೆ: ಒಂದು ಮನೆಯಲ್ಲಿ ಒಟ್ಟಿಗೆ ಬಾಳುವುದು, ಅಥವಾ ಎಂದಾದರೂ ಬಾಳಿರುವುದು. ಇದು ನಮಗೆ ಬಹು ಮುಖ್ಯವಾದ ಅಂಶ.

2010ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ತಮಿಳುನಾಡಿನಿಂದ ಬಂದ ಪ್ರಕರಣವೊಂದರಲ್ಲಿ, ಇಂಥ ಸಂಬಂಧಕ್ಕೆ ಕೆಲವು ಲಕ್ಷಣಗಳನ್ನು ಹೇಳಿತು: ಸಮಾಜದ ಮುಂದೆ ದಂಪತಿಗಳಂತೆ ಇರಬೇಕು, ವಯಸ್ಸೂ ಇತರ ಅರ್ಹತೆಗಳೂ ಇರಬೇಕು, ಗಣನೀಯವಾದ ಕಾಲ ಸ್ವಇಚ್ಛೆಯಿಂದ ಕೂಡಿ ಬಾಳಿರಬೇಕು. ಅದೇ ತೀರ್ಪಿನಲ್ಲಿ ‘ಕೀಪ್’ ಎಂಬ ಪದವೂ ಬಂದಿತು. ಎಂದರೆ ನಮ್ಮ ‘ಇಟ್ಟುಕೊಂಡವಳು’. ಆಗ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದ ಇಂದಿರಾ ಜೈಸಿಂಗ್ ಅವರು ಆ ಪದಪ್ರಯೋಗವನ್ನು ನ್ಯಾಯಾಲಯದಲ್ಲಿಯೇ ಆಕ್ಷೇಪಿಸಿದರು. ಶಬ್ದವಿಚಾರವು ಪಂಡಿತರ ಗೊಡವೆಯೆನ್ನುವವರು ಈ ಪ್ರಸಂಗವನ್ನು ನೆನೆಯಬೇಕು. 2013ರ ನವೆಂಬರಿನಲ್ಲಿ ತೀರ್ಮಾನವಾದ ಪ್ರಕರಣವು ಬೆಂಗಳೂರಿನದೇ. ಮದುವೆಯಾಗಿದ್ದ ಗಂಡಸಿನೊಡನೆ, ಅದನ್ನು ತಿಳಿದೇ, ಹಲವು ವರ್ಷ ಬಾಳಿದ್ದ ಮಹಿಳೆಗೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಜೀವನಾಂಶವನ್ನು ವಿಧಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಾಲಯವೂ ಆಕೆಯ ಸಂಬಂಧವು ವಿವಾಹದ ಸ್ವರೂಪದ್ದಲ್ಲವೆಂದಿತು. ಆದರೆ ಇಂಥವರ ಬಗ್ಗೆ ಶಾಸನವು ಬೇಕೆಂಬುದನ್ನೂ ಅದು ಸಂಸತ್ತಿನ ಗಮನಕ್ಕೆ ತಂದಿತು, ಸಂಬಂಧವನ್ನು ಅಳೆಯಲು ಎಂಟು ಗುರುತುಗಳನ್ನೂ ಕೊಟ್ಟಿತು. ಕಾಲಾವಧಿ, ಒಂದೇ ಮನೆ, ಹಣಕಾಸಿನ ಒಟ್ಟುಗೂಡಿಕೆ, ಮನೆವಾರ್ತೆ, ದೇಹಸಂಬಂಧ, ಮಕ್ಕಳು, ಜನರ ನಡುವೆ ನಡೆದುಕೊಳ್ಳುವ ರೀತಿ, ಇಬ್ಬರ ಉದ್ದೇಶ ಮತ್ತು ನಡತೆ ಎಂಬಿವೇ ಆ ಗುರುತುಗಳು. ದೇಹಸಂಬಂಧವು ಎಂಟರಲ್ಲಿ ಒಂದು ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ನಮ್ಮ ಹಳ್ಳಿಯ ಮುದುಕಿ ‘ಬಾಳುವೆ’ ಎಂದಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಸಂಗತಿಗಳೇ.

ಈಚಿನ ಆಡುಮಾತಿನಲ್ಲಿ ಒಂದು ಹೊಸ ನುಡಿಗಟ್ಟು ಬೆಳೆಯುತ್ತಿದೆ. ದೊಡ್ಡಬಳ್ಳಾಪುರದ ಮಗ್ಗಗಳು, ಉಡುಪಿನ ಕಾರ್ಖಾನೆಗಳು, ದಾಬಸ್‌ಪೇಟೆಯ ಕೈಗಾರಿಕೆಗಳು, 2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನ ನಿಲ್ದಾಣ, ಇವುಗಳ ಸುತ್ತ ಬಾಡಿಗೆಕೋಣೆಗಳ ಸಾಲುಗಳು ಎದ್ದಿವೆ. ಅಲ್ಲಿ ‘ರೂಮು ಮಾಡಿಕೊಂಡಿದ್ದಾರೆ’ ಎಂಬ ಮಾತು ಇಬ್ಬರು ಗೆಳತಿಯರಿಗೂ ಸಲ್ಲುತ್ತದೆ, ಗಂಡುಹೆಣ್ಣಿಗೂ ಸಲ್ಲುತ್ತದೆ. ಹೇಳುವವನ ಹುಬ್ಬಿನ ಮೇಲೆ ಅರ್ಥ ನಿರ್ಧಾರವಾಗುತ್ತದೆ. ‘ಲಿವ್ ಇನ್’ ಎಂಬ ಇಂಗ್ಲಿಷ್ ನುಡಿಯೂ ಹಾಗೆಯೇ ಬಂದಿದೆ. ಅದನ್ನು ಓಡಿಸಬೇಕೆಂಬ ಹಟ ನಮಗಿಲ್ಲ. ಆದರೆ ಅದು ಹೆಸರಾಗಿ ನಿಲ್ಲುತ್ತದೆ, ಕ್ರಿಯಾಪದವಾಗಿ ನಡೆಯಲಾರದು. ‘ಲಿವ್ ಇನ್‌ನಲ್ಲಿ ಇದ್ದಾರೆ’ ಎಂದು ಮತ್ತೆ ‘ಇರು’ವಿನ ಊರುಗೋಲನ್ನೇ ಹಿಡಿಯಬೇಕು.

ಇವೆಲ್ಲವನ್ನೂ ತೂಗಿನೋಡಿ, ‘ಕೋಹ್ಯಾಬಿಟ್’ ಎಂಬುದಕ್ಕೆ ‘ಕೂಡಿ ಬಾಳು’ ಎಂಬುದನ್ನೇ ಕನ್ನಡವು ಎತ್ತಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ನಾಮರೂಪ ಬೇಕಾದಲ್ಲಿ ‘ಕೂಡುಬಾಳ್ವೆ’. ಇದರಲ್ಲಿ ಕಾಲವಿದೆ, ಏಕೆಂದರೆ ‘ಬಾಳು’ ಒಂದು ದಿನದಲ್ಲಿ ಆಗುವ ಕ್ರಿಯೆಯಲ್ಲ. ಸಮತೆಯಿದೆ, ಏಕೆಂದರೆ ‘ಕೂಡಿ’ ಎಂಬ ಪೂರ್ವಕಾಲಿಕ ಕೃದಂತವು ಬಹುವಚನದ ಕರ್ತೃವನ್ನು ಬೇಡುತ್ತದೆ. ‘ಅವನು ಅವಳನ್ನು ಕೂಡಿ ಬಾಳಿಸಿದನು’ ಎಂದು ಯಾರೂ ಹೇಳಲಾರರು. ಹೀಗೆ ‘ಬಾಳಿಸು’ವಿನ ಒಡಕು ತಾನಾಗಿಯೇ ಬೆಸೆದುಕೊಳ್ಳುತ್ತದೆ. ‘ಕೂಡು’ ಧಾತುವಿಗೆ ರತಿಯ ಅರ್ಥವೂ ಉಂಟಲ್ಲವೇ ಎಂಬ ಆಕ್ಷೇಪ ಬರಬಹುದು. ಉಂಟು, ಆದರೆ ‘ಕೂಡಿ ಬಾಳಿದರೆ ಸ್ವರ್ಗ’ ಎಂದು ಅಣ್ಣತಮ್ಮಂದಿರಿಗೂ ಹೇಳುತ್ತೇವೆ, ಆಗ ಯಾರ ಮನಸ್ಸೂ ಅತ್ತ ಹರಿಯುವುದಿಲ್ಲ. 2005ರ ಕಾಯಿದೆಯು ಅವಿಭಕ್ತ ಕುಟುಂಬಕ್ಕೂ ವಿವಾಹದಂತಹ ಸಂಬಂಧಕ್ಕೂ ಒಂದೇ ಕ್ರಿಯಾಪದವನ್ನು ಬಳಸಿದೆಯಷ್ಟೆ. ಆ ಎರಡಕ್ಕೂ ಏಕಕಾಲದಲ್ಲಿ ಒಪ್ಪುವ ಮಾತು ಕನ್ನಡದಲ್ಲಿ ಇದೊಂದೇ. ‘ಬಾಳು’ ಎಂಬುದರಲ್ಲಿ ಹರಕೆಯ ಛಾಯೆ ಇದೆ, ಸುಖವಾಗಿ ಇಲ್ಲದವರಿಗೆ ಅದು ಹೇಗೆ ಸಲ್ಲುತ್ತದೆ ಎಂಬುದು ಇದಕ್ಕಿಂತ ಬಲವಾದ ಆಕ್ಷೇಪ. ಹೊಡೆತ ತಿಂದು ನ್ಯಾಯಾಲಯಕ್ಕೆ ಬಂದವಳ ಬಾಯಲ್ಲಿ ‘ಕೂಡಿ ಬಾಳಿದೆವು’ ಎಂಬುದು ವ್ಯಂಗ್ಯವಾಗದೇ? ಆಗುವುದುಂಟು. ಆದರೂ ಅಂಥವಳೇ ತನ್ನ ಕಷ್ಟವನ್ನು ಹೇಳುವಾಗ ‘ಹತ್ತು ವರ್ಷ ಬಾಳಿದೀನಿ’ ಎಂದೇ ಹೇಳುತ್ತಾಳೆ. ಆ ಮಾತಿನಲ್ಲಿ ಹರಕೆಗಿಂತ ಹಕ್ಕು ಹೆಚ್ಚು.

‘ಸಹಬಾಳ್ವೆ’ಯನ್ನು ಮತಗಳಿಗೂ ರಾಷ್ಟ್ರಗಳಿಗೂ, ‘ಸಹಜೀವನ’ವನ್ನು ಕಲ್ಲುಹೂವಿಗೂ, ‘ಸಹವಾಸ’ವನ್ನು ಅದರ ಹಳೆಯ ದೂರಿಗೂ ಬಿಟ್ಟುಕೊಡಬಹುದು. ‘ಕೂಡಿಕೆ’ಯನ್ನು ಈ ಅರ್ಥದಲ್ಲಿ ಮರಳಿ ಚಲಾವಣೆಗೆ ತರಬೇಕೆಂದು ನಾವು ಹೇಳುವುದಿಲ್ಲ, ಅದಕ್ಕೆ ಕುಲದ ಕಟ್ಟಳೆಯ ನಂಟು ಬಲವಾಗಿದೆ, ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿದ ನೆನಪೂ ಇದೆ. ಆದರೆ ನಿಘಂಟುಗಳಲ್ಲಿ ಅದರ ಪೂರ್ಣಾರ್ಥವನ್ನು ದಾಖಲಿಸುವುದು ಅಗತ್ಯ. ಈ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಂದ ಈ ಪದದ ಪ್ರಯೋಗಗಳನ್ನು, ಯಾರ ಹೆಸರನ್ನೂ ಹೇಳದೆ, ಬರೆದು ತಂದರೆ ಅದು ಒಳ್ಳೆಯ ಸಂಗ್ರಹವಾದೀತು.

ಇನ್ನುಳಿದದ್ದು ವ್ಯಕ್ತಿವಾಚಕ. ಹಾಗೆ ಕೂಡಿ ಬಾಳುವವರಲ್ಲಿ ಒಬ್ಬರನ್ನು ಏನೆಂದು ಕರೆಯಬೇಕು? ‘ಜೊತೆಗಾತಿ’, ‘ಜೊತೆಗಾರ’ ಎಂಬುವು ಲಿಂಗಭೇದವನ್ನು ತೋರಿಸುತ್ತವೆ. ‘ಸಂಗಾತಿ’ ಎಂಬುದು ಎರಡಕ್ಕೂ ಸಲ್ಲುತ್ತದೆ, ಪತ್ರಿಕೆಗಳಲ್ಲಿ ಈಗಾಗಲೇ ನಡೆಯುತ್ತಿದೆ. ‘ಬಾಳಸಂಗಾತಿ’ ಎಂದು ಲಗ್ನಪತ್ರಿಕೆಗಳು ಗಂಡಹೆಂಡಿರಿಗೇ ಮೀಸಲಿಟ್ಟುಕೊಂಡಿರುವ ಮಾತನ್ನು ಮುಟ್ಟದೆ, ಬರಿಯ ‘ಸಂಗಾತಿ’ಯನ್ನು ಅರ್ಜಿಯಲ್ಲಿಯೂ ತೀರ್ಪಿನಲ್ಲಿಯೂ ಬಳಸಲು ಅಡ್ಡಿಯಿಲ್ಲವೆಂದು ಕಾಣುತ್ತದೆ, ಅದರ ಬಹುವಚನ ‘ಸಂಗಾತಿಗಳು’, ಷಷ್ಠಿ ‘ಸಂಗಾತಿಯ’, ಚತುರ್ಥಿ ‘ಸಂಗಾತಿಗೆ’.